ಹಳೆಯ ಪಿಎಚ್‌ಪಿಯಿಂದ ಹೊಸದಕ್ಕೆ: ಕನ್ನಡ ಜಾಲತಾಣಗಳನ್ನು ಕೆಡಿಸದೆ ಸಾಗಿಸುವ ಬಗೆ

ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕೆಲವು ಕನ್ನಡ ಸಂಸ್ಥೆಗಳ ಜಾಲತಾಣಗಳನ್ನು ನಾನು ನೋಡಿಕೊಳ್ಳುತ್ತೇನೆ. ವಾಚನಾಲಯದ ಪುಸ್ತಕಪಟ್ಟಿ, ಯಕ್ಷಗಾನ ಮೇಳದ ತಿರುಗಾಟದ ದಿನಪಟ್ಟಿ, ಶಾಲೆಯ ಹಳೆವಿದ್ಯಾರ್ಥಿಗಳ ಪುಟ, ದೇವಸ್ಥಾನದ ಸೇವಾ ವಿವರ, ಹೀಗೆ ಎಲ್ಲವೂ ಸಣ್ಣ ತಾಣಗಳೇ. ಊರಿನ ಯಾವನೋ ಹುಡುಗ ಕಾಲೇಜಿನಲ್ಲಿದ್ದಾಗ ಉತ್ಸಾಹದಿಂದ ಮಾಡಿಕೊಟ್ಟು, ಆಮೇಲೆ ಬೆಂಗಳೂರಿಗೋ ಕೊಲ್ಲಿಗೋ ಹೊರಟುಹೋದದ್ದರಿಂದ ಯಜಮಾನರಿಲ್ಲದೆ ಉಳಿದವು ಇವು. ತಾಣ ತೆರೆಯುತ್ತದೆ, ಕನ್ನಡ ಕಾಣುತ್ತದೆ, ಆದ್ದರಿಂದ ಸಮಿತಿಯವರಿಗೆ ಚಿಂತೆಯಿಲ್ಲ. ಅದರ ಕೆಳಗೆ ಓಡುತ್ತಿರುವುದು, ಜಾಲಪುಟಗಳನ್ನು ಸರ್ವರ್‌ನಲ್ಲಿ ಸಿದ್ಧಪಡಿಸುವ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿಯ 5.6ನೆಯ ಆವೃತ್ತಿ ಎಂದೂ, ಆ ಆವೃತ್ತಿಗೆ ಭದ್ರತಾ ತಿದ್ದುಪಡಿ ಬರುವುದು 2018ರ ಡಿಸೆಂಬರ್ 31ಕ್ಕೇ ನಿಂತಿದೆಯೆಂದೂ ಹೇಳಿದರೆ, ‘ಈಗ ಸರಿಯಾಗಿಯೇ ನಡೆಯುತ್ತಿದೆಯಲ್ಲ, ಮುಟ್ಟುವುದು ಯಾಕೆ?’ ಎಂಬ ಪ್ರಶ್ನೆ ಬರುತ್ತದೆ. ಅವಧಿ ಮುಗಿದ ಆವೃತ್ತಿಯು ಅವಧಿ ಮುಗಿದ ದಿನವೇ ನಿಂತುಹೋಗುವುದಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅದು ನಿಲ್ಲುವುದಿಲ್ಲ. ಆ ಬಳಿಕ ಬಯಲಾಗುವ ದೋಷಗಳನ್ನು ಮುಚ್ಚುವವರು ಯಾರೂ ಇರುವುದಿಲ್ಲ, ಅಷ್ಟೆ.

ಹೋಸ್ಟಿಂಗ್ ನಡೆಸುವವರಿಗೂ (ತಾಣಗಳನ್ನು ತಮ್ಮ ಸರ್ವರ್‌ನಲ್ಲಿ ಇರಿಸಿಕೊಡುವವರಿಗೂ) ಕೋಡ್ ಬರೆಯುವವರಿಗೂ ಸೇರಿಸಿ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಇವರಿಬ್ಬರೂ ಒಬ್ಬರೇ ಆಗಿರುವುದುಂಟು. ಬೇರೆ ಬೇರೆಯಾಗಿದ್ದಲ್ಲಿ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತ ಕೂರುವುದೇ ತಡಕ್ಕೆ ಮುಖ್ಯ ಕಾರಣ: ಗ್ರಾಹಕರ ಕೋಡ್ ಕೆಟ್ಟುಹೋದೀತೆಂದು ಹೋಸ್ಟ್ ಹೊಸ ಆವೃತ್ತಿಗೆ ಹೋಗುವುದಿಲ್ಲ, ಹೋಸ್ಟ್‌ನಲ್ಲಿ ಹೊಸ ಆವೃತ್ತಿ ಇಲ್ಲವೆಂದು ಡೆವಲಪರ್ ಕೋಡ್ ತಿದ್ದುವುದಿಲ್ಲ. ಇದು ಹೊಸ ರೋಗವೇನಲ್ಲ. ಪಿಎಚ್‌ಪಿ 5 ಬಂದದ್ದು 2004ರ ಜುಲೈಯಲ್ಲಿ. ಆದರೂ ಮೂರು ವರ್ಷಗಳ ಮೇಲೂ ಅನೇಕ ಹೋಸ್ಟ್‌ಗಳು ಪಿಎಚ್‌ಪಿ 4ರಲ್ಲೇ ಇದ್ದವು. ಕೊನೆಗೆ ಪಿಎಚ್‌ಪಿಯಲ್ಲಿ ಬರೆದ ಸಾಫ್ಟ್‌ವೇರ್‌ಗಳಾದ ಡ್ರೂಪಲ್, ಟೈಪೋ3, ಪಿಎಚ್‌ಪಿಮೈಅಡ್ಮಿನ್, ಸಿಂಫೊನಿ ಮುಂತಾದ ಯೋಜನೆಗಳವರು ‘ಗೋ ಪಿಎಚ್‌ಪಿ 5’ ಎಂಬ ಒಪ್ಪಂದಕ್ಕೆ ಬಂದು, 2008ರ ಫೆಬ್ರವರಿ 5ರ ಬಳಿಕ ತಾವು ಹೊರತರುವ ಹೊಸ ಆವೃತ್ತಿಗಳಿಗೆ ಪಿಎಚ್‌ಪಿ 5.2 ಆದರೂ ಬೇಕೇ ಬೇಕೆಂದು ಘೋಷಿಸಿದರು. ಎಲ್ಲರೂ ಒಂದೇ ದಿನಾಂಕವನ್ನು ಹಿಡಿದದ್ದರಿಂದ, ಮೊದಲು ಹೆಜ್ಜೆ ಇಟ್ಟವನೇ ಗ್ರಾಹಕರನ್ನು ಕಳೆದುಕೊಳ್ಳುತ್ತಾನೆಂಬ ಭಯ ಹೋಯಿತು. ಸಣ್ಣ ಪ್ರಮಾಣದಲ್ಲಿ ನೀವು ಮಾಡಬೇಕಾದದ್ದೂ ಇದನ್ನೇ: ಹೋಸ್ಟ್, ಡೆವಲಪರ್ ಮತ್ತು ಸಂಸ್ಥೆಯ ಕಾರ್ಯದರ್ಶಿ ಮೂವರೂ ಒಪ್ಪಿದ ಒಂದು ದಿನಾಂಕವನ್ನು ಮೊದಲು ಬರೆದಿಡಿ.

ದಿನಾಂಕವನ್ನು ಗೊತ್ತುಮಾಡುವಾಗ ಕ್ಯಾಲೆಂಡರ್ ಮಾತ್ರವಲ್ಲ, ಪಂಚಾಂಗವನ್ನೂ ನೋಡಬೇಕು. ಮೇಳದ ತಾಣವಾದರೆ ಪತ್ತನಾಜೆ ಕಳೆದ ಮೇಲೆ, ಅಂದರೆ ಮೇ ತಿಂಗಳ ಕೊನೆಗೆ ಗೆಜ್ಜೆ ಬಿಚ್ಚಿದ ಬಳಿಕ, ಮಳೆಗಾಲದ ತುಳು ತಿಂಗಳಾದ ಆಟಿ ಮುಗಿಯುವುದರೊಳಗೆ ಮಾಡುವುದು ಕ್ಷೇಮ. ತಿರುಗಾಟದ ನಡುವೆ ‘ನಾಳೆ ಆಟ ಎಲ್ಲಿ’ ಎಂದು ನೋಡುವವರು ಇದ್ದೇ ಇರುತ್ತಾರೆ. ಶಾಲೆಯ ತಾಣವನ್ನು ಜೂನ್ ಮೊದಲ ವಾರದಲ್ಲಿ ಮುಟ್ಟಬಾರದು. ದೇವಸ್ಥಾನದ್ದಾದರೆ ವರ್ಷಾವಧಿ ಉತ್ಸವದ ಹತ್ತಿರ ಬೇಡ.

ಎಲ್ಲಿಗೆ ಹೋಗುವುದು

ಪಿಎಚ್‌ಪಿಯ ಪ್ರತಿಯೊಂದು ಆವೃತ್ತಿಗೂ ಈಗ ಎರಡು ವರ್ಷ ಪೂರ್ಣ ಬೆಂಬಲ, ಮುಂದಿನ ಎರಡು ವರ್ಷ ಭದ್ರತಾ ತಿದ್ದುಪಡಿ ಮಾತ್ರ ಎಂಬ ನಿಯಮವಿದೆ. 7.4ರ ಅವಧಿ 2022ರ ನವೆಂಬರ್ 28ಕ್ಕೂ 8.0ರ ಅವಧಿ 2023ರ ನವೆಂಬರ್ 26ಕ್ಕೂ ಮುಗಿದವು, 8.1ಕ್ಕೆ 2025ರ ಡಿಸೆಂಬರ್ 31 ಕೊನೆಯ ದಿನ. 8.2ಕ್ಕೆ 2026ರ ಕೊನೆಯವರೆಗೆ, 8.3ಕ್ಕೆ 2027ರ ಕೊನೆಯವರೆಗೆ, 8.4ಕ್ಕೆ 2028ರ ಕೊನೆಯವರೆಗೆ ಸಮಯವಿದೆ. ಪಿಎಚ್‌ಪಿ 6 ಎಂಬುದು ಹೊರಬರಲೇ ಇಲ್ಲವಾದ್ದರಿಂದ 5ರಿಂದ 7ಕ್ಕೆ ಹೋಗುವಾಗ ಏನೋ ಬಿಟ್ಟುಹೋಯಿತೆಂದು ಗಾಬರಿಪಡಬೇಕಾಗಿಲ್ಲ. ನನ್ನ ಸಲಹೆ 8.3 ಅಥವಾ 8.4. ಹಳೆಯ ಪ್ಲಗಿನ್‌ಗಳು ಹೆಚ್ಚಿರುವ ತಾಣಕ್ಕೆ 8.3 ಸಾಕು. ಸ್ವಂತ ಸರ್ವರ್ ಇಟ್ಟುಕೊಂಡವರಿಗೆ ಇನ್ನೊಂದು ದಾರಿಯೂ ಇದೆ: ಉಬುಂಟು 24.04ರ ಜೊತೆ 8.3, ಡೆಬಿಯನ್ 12ರ ಜೊತೆ 8.2 ಬರುತ್ತದೆ, ಮತ್ತು ಆ ಲಿನಕ್ಸ್ ಆವೃತ್ತಿಗಳಿಗೆ ಬೆಂಬಲವಿರುವಷ್ಟು ಕಾಲ ಅದರೊಳಗಿನ ಪಿಎಚ್‌ಪಿಗೂ ಅವರೇ ತಿದ್ದುಪಡಿ ಕೊಡುತ್ತಾರೆ.

5.6ರಲ್ಲಿರುವ ಕೋಡನ್ನು ನೇರವಾಗಿ 8ಕ್ಕೆ ಎತ್ತಿಹಾಕಿದರೆ ಬಿಳಿ ಪುಟ ಬಿಟ್ಟು ಬೇರೇನೂ ಕಾಣುವುದಿಲ್ಲ. ಆದ್ದರಿಂದ ಪ್ರಯೋಗದ ಪ್ರತಿಯಲ್ಲಿ ಮಾತ್ರ 7.4ನ್ನು ನಡುವಿನ ಮೆಟ್ಟಿಲಾಗಿ ಬಳಸಿರಿ. 8ರಲ್ಲಿ ಸತ್ತುಹೋದ ‘ಈಚ್’, ‘ಕ್ರಿಯೇಟ್ ಫಂಕ್ಷನ್’ ಮುಂತಾದ ಫಂಕ್ಷನ್‌ಗಳು 7.4ರಲ್ಲಿ ಎಚ್ಚರಿಕೆ ಕೊಡುತ್ತಲೇ ಕೆಲಸ ಮಾಡುತ್ತವೆ. ಯಾವ ಕಡತದ ಯಾವ ಸಾಲು ಎಂಬುದು ದೋಷಗಳ ದಾಖಲೆಯಾದ ಲಾಗ್‌ನಲ್ಲಿ ಸಿಗುತ್ತದೆ.

ಪ್ರಯೋಗದ ಪ್ರತಿ

ಮೊದಲು ಕಡತಗಳ ಮತ್ತು ಡೇಟಾಬೇಸ್‌ನ ಪೂರ್ತಿ ಬ್ಯಾಕಪ್ ತೆಗೆದು ಮನೆಯ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಬ್ಯಾಕಪ್ ಇದೆ ಎಂಬ ಮಾತನ್ನು ನಾನು ನಂಬುವುದು ಅದನ್ನು ಬೇರೊಂದು ಕಡೆ ಬಿಚ್ಚಿ ತಾಣ ತೆರೆದ ಮೇಲೆಯೇ. ಆ ಬಿಚ್ಚುವ ಕೆಲಸವೇ ನಿಮ್ಮ ಪ್ರಯೋಗದ ಪ್ರತಿಯೂ ಆಗುತ್ತದೆ: ಒಂದು ಸಬ್‌ಡೊಮೈನ್ ಮಾಡಿ, ಪಾಸ್‌ವರ್ಡ್ ಹಾಕಿ, ಅಲ್ಲಿ ನಕಲನ್ನು ಕೂರಿಸಿ. ಮಳೆಗಾಲದಲ್ಲಿ ಈ ಕೆಲಸ ಮಾಡುವವರು ದೊಡ್ಡ ಡೇಟಾಬೇಸನ್ನು ಸರ್ವರ್‌ನಲ್ಲಿ ಬಿಚ್ಚುವಾಗ ‘ಸ್ಕ್ರೀನ್’ ಅಥವಾ ‘ಟೀಮಕ್ಸ್’ನ ಒಳಗಿನಿಂದಲೇ ಆದೇಶ ಕೊಡಬೇಕು. ಇಲ್ಲಿ ಗಾಳಿಮಳೆಗೆ ಕರೆಂಟು ಹೋಗಿ ನೆಟ್ ಕಡಿದರೂ ಅಲ್ಲಿನ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ.

ಹೋಸ್ಟಿಂಗ್ ನಿರ್ವಹಣೆಯ ಪ್ಯಾನೆಲ್ ಆದ ಸಿಪ್ಯಾನೆಲ್ ಇರುವ ಕಡೆ ಮಲ್ಟಿಪಿಎಚ್‌ಪಿ ಮ್ಯಾನೇಜರ್‌ನಲ್ಲಿ ಆ ಸಬ್‌ಡೊಮೈನ್‌ಗೆ ಮಾತ್ರ ಆವೃತ್ತಿ ಬದಲಾಯಿಸಬಹುದು. ಸ್ವಂತ ಸರ್ವರ್ ಆದರೆ, ಪಿಎಚ್‌ಪಿಯನ್ನು ಪ್ರತ್ಯೇಕ ಸೇವೆಯಾಗಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂನ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಓಡಿಸಿ, ಪ್ರತಿ ತಾಣಕ್ಕೆ ಬೇರೆ ಬೇರೆ ಸಾಕೆಟ್ ಕೊಡಬಹುದು. ಹೋಸ್ಟ್ ನಡೆಸುವವರು ಎಲ್ಲ ಗ್ರಾಹಕರನ್ನೂ ಒಂದೇ ರಾತ್ರಿ ಹೊಸದಕ್ಕೆ ತಳ್ಳದೆ ಒಂದೊಂದೇ ತಾಣವನ್ನು ಸಾಗಿಸಲು ಇದೇ ಉಪಾಯ.

ಆವೃತ್ತಿ ಬದಲಾದೊಡನೆ ಕೋಡ್‌ಗೆ ಸಂಬಂಧವಿಲ್ಲದ ಕೆಲವು ತೊಂದರೆಗಳು ಮೊದಲು ಎದುರಾಗುತ್ತವೆ. ಹೊಸ ಆವೃತ್ತಿಯಲ್ಲಿ ಎಂಬಿಸ್ಟ್ರಿಂಗ್ (ಬಹುಬೈಟ್ ಅಕ್ಷರಗಳಿಗೆ), ಇಂಟ್ಲ್ (ಭಾಷೆ, ದಿನಾಂಕಗಳಿಗೆ), ಜಿಡಿ (ಚಿತ್ರಗಳಿಗೆ) ಮುಂತಾದ ಎಕ್ಸ್‌ಟೆನ್ಶನ್‌ಗಳು ತಾವಾಗಿ ಚಾಲೂ ಆಗಿರುವುದಿಲ್ಲ. ಅಪ್‌ಲೋಡ್ ಮಿತಿ, ಸಮಯವಲಯ ಮುಂತಾದ ಹಳೆಯ ಸೆಟ್ಟಿಂಗ್‌ಗಳು ಹಿಂಬಾಲಿಸಿ ಬರುವುದಿಲ್ಲ. ಫೋಲ್ಡರ್‌ನ ಸರ್ವರ್ ಸೆಟ್ಟಿಂಗ್‌ಗಳಿರುವ ಎಚ್‌ಟಿಅಕ್ಸೆಸ್ ಕಡತದಲ್ಲಿ ಪಿಎಚ್‌ಪಿಯ ಸೆಟ್ಟಿಂಗ್ ಸಾಲುಗಳಿದ್ದರೆ ಎಫ್‌ಪಿಎಂ ಇರುವಲ್ಲಿ 500ರ ದೋಷ ಬರುತ್ತದೆ. ಇವೆಲ್ಲಕ್ಕಿಂತ ಅಪಾಯದ್ದು ಗಿಡ್ಡ ಟ್ಯಾಗ್. ಹಳೆಯ ಕೋಡ್ ಬರೆದವರು ‘ಪಿಎಚ್‌ಪಿ’ ಎಂಬ ಅಕ್ಷರಗಳಿಲ್ಲದೆ ಬರೀ ಕೋನಚಿಹ್ನೆ, ಪ್ರಶ್ನೆಚಿಹ್ನೆಯಿಂದ ಕಡತ ಆರಂಭಿಸಿದ್ದು, ಹೊಸ ಸರ್ವರ್‌ನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿದ್ದರೆ, ಕೋಡ್ ಓಡದೆ ಅಕ್ಷರವಾಗಿಯೇ ಬ್ರೌಸರ್‌ಗೆ ಹೋಗುತ್ತದೆ. ಡೇಟಾಬೇಸ್‌ನ ಪಾಸ್‌ವರ್ಡ್ ಇರುವ ಕಡತವೇ ಹಾಗಿದ್ದರೆ ಅದೂ ಲೋಕಕ್ಕೆಲ್ಲ ಕಾಣುತ್ತದೆ. ಪ್ರಯೋಗದ ಪ್ರತಿಗೆ ಪಾಸ್‌ವರ್ಡ್ ಹಾಕಿ ಎಂದದ್ದು ಇದಕ್ಕೇ.

ಕೋಡ್ ತಿದ್ದುವುದು

ಪಿಎಚ್‌ಪಿಯೊಳಗೇ ಇರುವ, ವ್ಯಾಕರಣದೋಷ ಹುಡುಕುವ ಲಿಂಟ್ ಸೌಲಭ್ಯದಿಂದ ಎಲ್ಲ ಕಡತಗಳನ್ನೂ ಒಮ್ಮೆ ಹಾಯಿಸಿ. ಬಳಿಕ ಪಿಎಚ್‌ಪಿ ಕೋಡ್‌ಸ್ನಿಫರ್‌ನ ಜೊತೆ ‘ಪಿಎಚ್‌ಪಿ ಕಂಪ್ಯಾಟಿಬಿಲಿಟಿ’ ನಿಯಮಗಳನ್ನು ಓಡಿಸಿದರೆ, ಯಾವ ಸಾಲು ಯಾವ ಆವೃತ್ತಿಯಲ್ಲಿ ನಡೆಯುವುದಿಲ್ಲ ಎಂಬ ಪಟ್ಟಿ ಸಿಗುತ್ತದೆ. ‘ರೆಕ್ಟರ್’ ಎಂಬ ಸಾಧನವು ಕೆಲವನ್ನು ತಾನೇ ತಿದ್ದಿಕೊಡುತ್ತದೆ. ಅದು ತಿದ್ದಿದ್ದನ್ನು ಗಿಟ್‌ನಲ್ಲಿ ಒಂದೊಂದಾಗಿ ಓದದೆ ಒಪ್ಪಿಕೊಳ್ಳಬೇಡಿ.

ಊರಿನ ಹುಡುಗರು ಬರೆದ ತಾಣಗಳಲ್ಲಿ ಅತಿ ಹೆಚ್ಚು ಸಿಗುವುದು ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳು. ಇವು 2013ರ 5.5ರಲ್ಲೇ ಬೇಡವಾದವು, 2015ರ 7.0ರಲ್ಲಿ ತೆಗೆದುಹಾಕಲ್ಪಟ್ಟವು. ಹೆಸರಿನ ಮುಂದೆ ಒಂದು ‘ಐ’ ಸೇರಿಸಿದರೆ ಮೈಎಸ್‌ಕ್ಯೂಎಲ್‌ಐ ಆಯಿತೆಂದು ಹುಡುಕಿ ಬದಲಿಸುವವರಿದ್ದಾರೆ, ಹಾಗಾಗುವುದಿಲ್ಲ. ಫಂಕ್ಷನ್‌ಗೆ ಕೊಡುವ ಕ್ರಮವೇ ಬೇರೆ: ಹಳೆಯದರಲ್ಲಿ ಪ್ರಶ್ನೆ (ಕ್ವೆರಿ) ಮೊದಲು, ಸಂಪರ್ಕ ಆಮೇಲೆ. ಹೊಸದರಲ್ಲಿ ಸಂಪರ್ಕ ಮೊದಲು, ಪ್ರಶ್ನೆ ಆಮೇಲೆ. ಹೇಗೂ ಕೈಹಾಕಿದ ಮೇಲೆ ಪಿಡಿಒ ಎಂಬ ಡೇಟಾಬೇಸ್ ಸೌಲಭ್ಯ ಬಳಸಿ, ಆದೇಶವನ್ನೂ ಬಳಕೆದಾರರ ಮಾಹಿತಿಯನ್ನೂ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳಿಗೇ ಹೋಗಿಬಿಡುವುದು ಲೇಸು. ಫಾರ್ಮ್‌ನಲ್ಲಿ ಬಂದ ಉದ್ಧರಣ ಚಿಹ್ನೆಗಳ ಮುಂದೆ ತಾನಾಗಿ ಓರೆಗೆರೆ ಹಾಕುತ್ತಿದ್ದ ಮ್ಯಾಜಿಕ್ ಕೋಟ್ಸ್ 5.4ರಲ್ಲಿ ಹೋದಂದಿನಿಂದ, ಅದನ್ನೇ ನಂಬಿದ್ದ ಹಳೆಯ ಫಾರ್ಮ್‌ಗಳಿಗೆ ರಕ್ಷಣೆಯೇ ಇಲ್ಲ.

ಲಾಗ್‌ನಲ್ಲಿ ಬೀಳುವ ದೋಷಗಳು ಸಜ್ಜನರು. ಹೆಸರು, ವಿಳಾಸ ಹೇಳುತ್ತವೆ. ಏನೂ ಹೇಳದೆ ಫಲಿತಾಂಶವನ್ನೇ ಬದಲಿಸುವ ಒಂದು ವ್ಯತ್ಯಾಸ 8.0ರಲ್ಲಿದೆ. ಅಲ್ಲಿಯವರೆಗೆ ಸೊನ್ನೆಯನ್ನು ಅಂಕೆಯಲ್ಲದ ಯಾವುದೇ ಪದದೊಡನೆ ಎರಡು ಸಮಚಿಹ್ನೆಯಿಂದ ಹೋಲಿಸಿದರೆ ಎರಡೂ ಸಮವೆಂದೇ ಉತ್ತರ ಬರುತ್ತಿತ್ತು. 8ರಿಂದ ಅಲ್ಲವೆಂದು ಬರುತ್ತದೆ. ವಾಚನಾಲಯದ ಪಟ್ಟಿಯೊಂದರಲ್ಲಿ ಓದುಗರು ವಿಭಾಗ ಆಯ್ಕೆ ಮಾಡದಿದ್ದಾಗ ಕೋಡ್‌ನಲ್ಲಿ ಅದರ ಮೌಲ್ಯ ಸೊನ್ನೆ. ಅದು ‘ಎಲ್ಲಾ’ ಎಂಬ ಪದಕ್ಕೆ ಸಮವೇ ಎಂದು ನೋಡಿ, ಹೌದಾದರೆ ಎಲ್ಲ ಪುಸ್ತಕಗಳನ್ನೂ ತೋರಿಸಬೇಕು. ಬರೆದವನಿಗೆ ಅರಿವಿಲ್ಲದೆಯೇ ಅದು ವರ್ಷಗಟ್ಟಲೆ ಸರಿಯಾಗಿ ನಡೆದಿತ್ತು. 8ಕ್ಕೆ ಬಂದ ದಿನ ಲಾಗ್ ಖಾಲಿ, ಪುಟದ ಮೇಲೆ ಪುಸ್ತಕಪಟ್ಟಿಯೂ ಖಾಲಿ. ಇಂಥದ್ದನ್ನು ಹಿಡಿಯಲು ಹಳೆಯ ತಾಣವನ್ನೂ ಹೊಸದನ್ನೂ ಎರಡು ಕಿಟಕಿಗಳಲ್ಲಿ ತೆರೆದಿಟ್ಟು, ಪ್ರತಿ ಪುಟ, ಪ್ರತಿ ಫಾರ್ಮ್, ಪ್ರತಿ ಹುಡುಕಾಟವನ್ನು ಕಣ್ಣಿನಿಂದ ಹೋಲಿಸುವುದರ ಹೊರತು ನನಗೆ ತಿಳಿದ ಬೇರೆ ದಾರಿಯಿಲ್ಲ. ಸಂಸ್ಥೆಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಪಟ್ಟಿಯಲ್ಲಿ ಏನಿರಬೇಕೆಂದು ಗ್ರಂಥಪಾಲಕರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಏನೂ ಇಲ್ಲದ (ನಲ್) ಮೌಲ್ಯವನ್ನು ಎಣಿಸುವ ಫಂಕ್ಷನ್ ‘ಕೌಂಟ್’ಗೆ ಕೊಟ್ಟರೆ 8ರಲ್ಲಿ ಪುಟವೇ ನಿಲ್ಲುತ್ತದೆ. ಕೋಡ್‌ನ ‘ಕ್ಲಾಸ್’ನ ಹೆಸರನ್ನೇ ಹೊತ್ತ ಹಳೆಯ ಕನ್‌ಸ್ಟ್ರಕ್ಟರ್‌ಗಳು 8ರಲ್ಲಿ ಸುಮ್ಮನೆ ಓಡುವುದಿಲ್ಲ. ಮೈಎಸ್‌ಕ್ಯೂಎಲ್‌ಐಯ ದೋಷಗಳು 8.1ರಿಂದ ಎಕ್ಸೆಪ್ಶನ್‌ಗಳಾಗಿ ಸಿಡಿಯುತ್ತವೆ. ಗೂಢಲಿಪಿಯ ಎಕ್ಸ್‌ಟೆನ್ಶನ್ ಆದ ಎಂಕ್ರಿಪ್ಟ್ 7.2ರಲ್ಲೇ ಹೊರಹೋಗಿದೆ.

ಕನ್ನಡಕ್ಕೇ ಬರುವ ಕಷ್ಟಗಳು

ಇಂಗ್ಲಿಷ್ ತಾಣಗಳವರಿಗೆ ಈ ಭಾಗ ಬೇಕಾಗುವುದಿಲ್ಲ. ನಮಗೆ ಅರ್ಧ ಕೆಲಸ ಇಲ್ಲೇ ಇದೆ.

‘ಕಾಸರಗೋಡು’ ಎಂಬ ಪದವನ್ನು ತೆಗೆದುಕೊಳ್ಳಿ. ಕಣ್ಣಿಗೆ ಕಾ, ಸ, ರ, ಗೋ, ಡು ಎಂಬ ಐದು ಅಕ್ಷರಗಳು. ಯುನಿಕೋಡ್‌ನ ಲೆಕ್ಕದಲ್ಲಿ ಸ್ವರಚಿಹ್ನೆಗಳು ಬೇರೆಯಾದ್ದರಿಂದ ಎಂಟು ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ 24 ಬೈಟ್‌ಗಳು. ಪಿಎಚ್‌ಪಿಯ ಸಾಮಾನ್ಯ ಅಳತೆಯ ಫಂಕ್ಷನ್ 24 ಎನ್ನುತ್ತದೆ, ಎಂಬಿಸ್ಟ್ರಿಂಗ್‌ನದು 8 ಎನ್ನುತ್ತದೆ, ಕಣ್ಣಿಗೆ ಕಾಣುವ ಅಕ್ಷರಗಳನ್ನೇ ಎಣಿಸುವ ಇಂಟ್ಲ್‌ನ ಗ್ರಾಫೀಮ್ ಫಂಕ್ಷನ್ 5 ಎನ್ನುತ್ತದೆ. ಸಾಮಾನ್ಯ ಫಂಕ್ಷನ್ ಕರೆದರೂ ಎಂಬಿಸ್ಟ್ರಿಂಗ್‌ನ ಉತ್ತರವೇ ಬರುವಂತೆ ಮಾಡುವ ‘ಓವರ್‌ಲೋಡ್’ ಸೆಟ್ಟಿಂಗ್ ಒಂದು ಹಿಂದೆ ಇತ್ತು. ಅದನ್ನು ನೆಚ್ಚಿಕೊಂಡ ಕನ್ನಡ, ಮಲಯಾಳ ತಾಣಗಳಿಗೆ 8.0ರಲ್ಲಿ ಅದು ಇಲ್ಲವಾದಾಗ ಅಳತೆಗಳೆಲ್ಲ ಮೂರು ಪಟ್ಟಾಗುತ್ತವೆ.

ನಾನು ಪೆಟ್ಟು ತಿಂದು ಕಲಿತದ್ದೊಂದನ್ನು ಹೇಳುತ್ತೇನೆ. ಸುದ್ದಿಪುಟದಲ್ಲಿ ಪ್ರತಿ ಬರಹದ ಮೊದಲ ನೂರು ಬೈಟ್‌ಗಳನ್ನು ಕತ್ತರಿಸಿ ತೋರಿಸುವ ಕೋಡನ್ನು 5.3ರಿಂದ 5.6ಕ್ಕೆ ಸಾಗಿಸಿದಾಗ, ಅನೇಕ ಸುದ್ದಿಗಳ ಸಾರಾಂಶ ಪೂರ್ತಿ ಮಾಯವಾಯಿತು. ಕೆಲವು ಮಾತ್ರ ಉಳಿದವು. ಡೇಟಾಬೇಸ್ ಕೆಟ್ಟಿತೆಂದು ಒಂದು ರಾತ್ರಿಯೆಲ್ಲ ಅದನ್ನೇ ಕೆದಕಿದೆ. ಕಾರಣ ಬೇರೆಯೇ ಇತ್ತು. ನೂರನೆಯ ಬೈಟಿನಲ್ಲಿ ಕತ್ತರಿ ಬಿದ್ದಾಗ ಹೆಚ್ಚುಕಡಿಮೆ ಮೂರರಲ್ಲಿ ಎರಡು ಸಲ ಅದು ಒಂದು ಸಂಕೇತದ ಹೊಟ್ಟೆಯೊಳಗೇ ಬೀಳುತ್ತದೆ. ಪಠ್ಯವನ್ನು ಪುಟದಲ್ಲಿ ಸುರಕ್ಷಿತವಾಗಿ ತೋರಿಸಲು ಬಳಸುವ ‘ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್’ ಫಂಕ್ಷನ್ 5.4ರಿಂದ ತನಗೆ ಕೊಟ್ಟದ್ದು ಯುಟಿಎಫ್-8 ಎಂದು ತಾನಾಗಿಯೇ ತಿಳಿಯುತ್ತದೆ; ತುಂಡಾದ ಬೈಟ್ ಒಂದು ಸಿಕ್ಕಿದರೂ ಇಡೀ ಸಾಲನ್ನು ಖಾಲಿ ಮಾಡಿ ಹಿಂದಿರುಗಿಸುತ್ತದೆ. 8.1ರಿಂದ ಅದು ಸ್ವಲ್ಪ ಉದಾರವಾಗಿ, ಕೆಟ್ಟ ಜಾಗದಲ್ಲಿ ಪ್ರಶ್ನೆಚಿಹ್ನೆಯ ಗುರುತು ಇಟ್ಟು ಉಳಿದದ್ದನ್ನು ಕೊಡುತ್ತದೆ. ಗ್ರಾಫೀಮ್ ಫಂಕ್ಷನ್‌ನಿಂದ ಕತ್ತರಿಸಿದರೆ ‘ಗೋ’ ಎಂಬುದು ‘ಗ’ ಆಗಿ ಉಳಿಯುವ ಕುರೂಪವೂ ತಪ್ಪುತ್ತದೆ.

ಎರಡನೆಯದು ಡೇಟಾಬೇಸ್‌ನ ಸಂಕೇತಕ್ರಮ. ಹಳೆಯ ತಾಣಗಳಲ್ಲಿ ಕೋಷ್ಟಕ ಮತ್ತು ಸಂಪರ್ಕ ಎರಡೂ ಪಶ್ಚಿಮ ಯೂರೋಪಿನ ಭಾಷೆಗಳ ಸಂಕೇತಕ್ರಮವಾದ ಲ್ಯಾಟಿನ್-1 ಎಂದಿದ್ದು, ಅದರೊಳಗೆ ಕನ್ನಡದ ಬೈಟ್‌ಗಳು ಕಳ್ಳದಾರಿಯಿಂದ ಕುಳಿತಿರುತ್ತವೆ. ಒಳಗೆ ಹೋದ ದಾರಿಯಲ್ಲೇ ಹೊರಗೆ ಬರುವುದರಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಹೋಸ್ಟ್ ಪಿಎಚ್‌ಪಿಯ ಜೊತೆಗೆ ಡೇಟಾಬೇಸನ್ನೂ ಮೈಎಸ್‌ಕ್ಯೂಎಲ್ 8ಕ್ಕೆ ಏರಿಸಿದರೆ, ಅದರ ಪೂರ್ವನಿಯೋಜಿತ ಕ್ರಮ ಯುಟಿಎಫ್-8 ಎಂಬಿ4 ಆದ್ದರಿಂದ ಸಂಪರ್ಕದ ಭಾಷೆ ಬದಲಾಗಿ, ಕನ್ನಡವೆಲ್ಲ ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳಾಗುತ್ತದೆ. ಆಗ ಗಾಬರಿಯಿಂದ ಏನನ್ನಾದರೂ ಪರಿವರ್ತಿಸುವ ಮೊದಲು ಹೆಕ್ಸ್ ರೂಪದಲ್ಲಿ ಒಂದು ಸಾಲನ್ನು ನೋಡಿ. ‘ಕ’ ಅಕ್ಷರಕ್ಕೆ ‘ಇ0 ಬಿ2 95’ ಎಂದಿದ್ದರೆ ಬೈಟ್‌ಗಳು ಶುದ್ಧವಾಗಿವೆ, ಕೋಷ್ಟಕದ ಮೇಲಿನ ಚೀಟಿ ಮಾತ್ರ ತಪ್ಪು; ಆ ಕಾಲಂ ಅನ್ನು ಮೊದಲು ಬರೀ ಬೈಟ್‌ಗಳನ್ನಿಡುವ ಬ್ಲಾಬ್ ಬಗೆಗೆ, ಅಲ್ಲಿಂದ ಯುಟಿಎಫ್-8 ಎಂಬಿ4 ಪಠ್ಯಕ್ಕೆ ಬದಲಿಸಬೇಕು. ನೇರವಾಗಿ ಬದಲಿಸಿದರೆ ಮೈಎಸ್‌ಕ್ಯೂಎಲ್ ಪ್ರತಿ ಬೈಟನ್ನೂ ಒಂದು ಲ್ಯಾಟಿನ್ ಅಕ್ಷರವೆಂದು ನಂಬಿ ಮತ್ತೊಮ್ಮೆ ಸಂಕೇತಿಸುತ್ತದೆ. ‘ಸಿ3 ಎ0’ ಎಂದು ಆರಂಭವಾಗುತ್ತಿದ್ದರೆ ಹಾಗೆ ಎರಡು ಸಲ ಸಂಕೇತಿತವಾಗಿಬಿಟ್ಟಿದೆ ಎಂದರ್ಥ. ಅದನ್ನು ಒಂದು ಸುತ್ತು ಹಿಂದಕ್ಕೆ ಬಿಚ್ಚಬೇಕು. ಒಂದೇ ಕೋಷ್ಟಕದಲ್ಲಿ ಎರಡೂ ಬಗೆಯವು ಬೆರೆತಿರುವುದೂ ಉಂಟು, ಆದ್ದರಿಂದ ಹಳೆಯ ಮತ್ತು ಹೊಸ ಸಾಲುಗಳೆರಡನ್ನೂ ಪರೀಕ್ಷಿಸಿ.

ನುಡಿ ಅಥವಾ ಬರಹದ ಹಳೆಯ ಫಾಂಟ್ ಸಂಕೇತಗಳಲ್ಲಿಯೇ ಉಳಿದಿರುವ ಪುಟಗಳಿದ್ದರೆ, ಅವುಗಳನ್ನು ಯುನಿಕೋಡ್‌ಗೆ ತರುವ ಕೆಲಸವನ್ನು ಇದರ ಜೊತೆ ಸೇರಿಸಬೇಡಿ. ಒಂದು ಸಾಗಣೆ ಮುಗಿದು ಎರಡು ವಾರ ಕಳೆದ ಮೇಲೆ ಇನ್ನೊಂದು. ಎರಡೂ ಒಟ್ಟಿಗೆ ನಡೆದರೆ ಅಕ್ಷರ ಕೆಟ್ಟದ್ದು ಯಾವುದರಿಂದ ಎಂದು ಹೇಳಲಾಗುವುದಿಲ್ಲ. ಹಾಗೆಯೇ, ಫಾರ್ಮ್‌ಗಳಿಂದ ಬಂದ ಪಠ್ಯವನ್ನು ‘ಶುದ್ಧಗೊಳಿಸುವ’ ಹಳೆಯ ಕೋಡ್ ಕಣ್ಣಿಗೆ ಕಾಣದ ಜೋಡಣೆಯ ಸಂಕೇತಗಳನ್ನು ಕಿತ್ತುಹಾಕುತ್ತಿದ್ದರೆ ಅದನ್ನು ನಿಲ್ಲಿಸಿ. ‘ಸಾಫ್ಟ್‌ವೇರ್’ ಎಂಬುದು ಒತ್ತಕ್ಷರದ ಮುದ್ದೆಯಾಗುವುದೂ, ಅದೇ ತಾಣದ ಮಲಯಾಳ ಪುಟದ ಹಳೆಯ ಬರಹಗಳಲ್ಲಿ ಚಿಲ್ಲಕ್ಷರಗಳು ಕೆಡುವುದೂ ಇದರಿಂದಲೇ.

ತಿಂಗಳು, ವಾರಗಳ ಕನ್ನಡ ಹೆಸರುಗಳಿಗೆ ‘ಎಸ್‌ಟಿಆರ್‌ಎಫ್‌ಟೈಮ್’ ಬಳಸಿದ್ದರೆ 8.1ರಿಂದ ಎಚ್ಚರಿಕೆ ಬರುತ್ತದೆ; ಇಂಟ್ಲ್‌ನ ದಿನಾಂಕ ಸೌಲಭ್ಯಕ್ಕೆ ಬದಲಾಯಿಸಿಕೊಳ್ಳಿ.

ಸಾಗಿಸುವ ದಿನ

ಹೋಸ್ಟ್ ನಡೆಸುವವರು ಗ್ರಾಹಕರಿಗೆ ಕನಿಷ್ಠ ಎರಡು ಸಲ ತಿಳಿಸಬೇಕು. ಒಂದು ಸಲ ಕನ್ನಡದಲ್ಲೋ ಮಲಯಾಳದಲ್ಲೋ, ಸಾಧ್ಯವಾದರೆ ಫೋನಿನಲ್ಲಿ. ಇಂಗ್ಲಿಷ್ ಇಮೇಲನ್ನು ಸಂಸ್ಥೆಯ ಕಾರ್ಯದರ್ಶಿ ತೆರೆದು ನೋಡುತ್ತಾರೆಂದು ನಂಬಿ ಕೂರುವುದು ಹೋಸ್ಟ್‌ನ ಕೈತೊಳೆದುಕೊಳ್ಳುವ ಉಪಾಯವೇ ಹೊರತು ತಿಳಿಸುವುದಲ್ಲ. ಆ ಸಂದೇಶದಲ್ಲಿ ಈಗಿನ ಆವೃತ್ತಿ, ಹೋಗಲಿರುವ ಆವೃತ್ತಿ, ದಿನಾಂಕ, ತೊಂದರೆಯಾದರೆ ಎಷ್ಟು ದಿನದವರೆಗೆ ಹಿಂದಕ್ಕೆ ಹೋಗಬಹುದು ಎಂಬ ನಾಲ್ಕು ಸಂಗತಿಗಳಿದ್ದರೆ ಸಾಕು.

ಆ ದಿನ ಬೆಳಿಗ್ಗೆ, ಕೈಯಲ್ಲಿ ಇಡೀ ದಿನ ಇರುವಾಗ ಆರಂಭಿಸಿ. ಬರೆಯುವ ಭಾಗಗಳನ್ನು ಮುಚ್ಚಿ, ಹೊಸದಾಗಿ ಬ್ಯಾಕಪ್ ತೆಗೆದು, ತಿದ್ದಿದ ಕೋಡನ್ನು ಹಾಕಿ, ಆವೃತ್ತಿ ಬದಲಿಸಿ. ದೋಷಗಳನ್ನು ಪುಟದ ಮೇಲೆ ತೋರಿಸುವುದನ್ನು ನಿಲ್ಲಿಸಿ, ಲಾಗ್‌ಗೆ ಬರೆಯುವುದನ್ನು ಚಾಲೂ ಇಡಿ. 8ರಲ್ಲಿ ಎಲ್ಲ ಬಗೆಯ ಎಚ್ಚರಿಕೆಗಳೂ ತಾವಾಗಿಯೇ ಬರುವುದರಿಂದ ಈ ಒಂದು ಸೆಟ್ಟಿಂಗ್ ಮರೆತರೆ ದೇವಸ್ಥಾನದ ಪುಟದ ತಲೆಯ ಮೇಲೆಲ್ಲ ಸರ್ವರ್‌ನ ಒಳದಾರಿಗಳು ಸಾಲುಗಟ್ಟಿ ಕಾಣುತ್ತವೆ. ಕ್ರಾನ್ ಕೆಲಸಗಳನ್ನು ಮರೆಯಬೇಡಿ: ಪ್ಯಾನೆಲ್‌ನಲ್ಲಿ ಆವೃತ್ತಿ ಬದಲಿಸಿದರೆ ಜಾಲಪುಟಗಳದ್ದು ಮಾತ್ರ ಬದಲಾಗುತ್ತದೆ. ರಾತ್ರಿ ತಾನಾಗಿ ಓಡುವ ಕೆಲಸಗಳು ಹಳೆಯ ಪಿಎಚ್‌ಪಿಯ ದಾರಿಯನ್ನೇ ಹಿಡಿದಿದ್ದು, ಹೊಸ ಕೋಡನ್ನು ಹಳೆಯದರಲ್ಲಿ ಓಡಿಸಲು ಹೋಗಿ ಸದ್ದಿಲ್ಲದೆ ಬೀಳುತ್ತವೆ.

ವರ್ಡ್‌ಪ್ರೆಸ್ ತಾಣವಾದರೆ ಕ್ರಮವನ್ನು ಹಿಂದುಮುಂದು ಮಾಡಬಾರದು. ಮೊದಲು ಈಗಿನ ಪಿಎಚ್‌ಪಿಯಲ್ಲಿ ಸಾಧ್ಯವಿರುವಷ್ಟು ಹೊಸ ವರ್ಡ್‌ಪ್ರೆಸ್‌ಗೆ, ಬಳಿಕ ಪಿಎಚ್‌ಪಿ, ಆಮೇಲೆ ಉಳಿದ ವರ್ಡ್‌ಪ್ರೆಸ್. ಅದರ 6.6ನೆಯ ಆವೃತ್ತಿಗೆ ಪಿಎಚ್‌ಪಿ 7.2.24 ಆದರೂ ಬೇಕಾದ್ದರಿಂದ 5.6ರ ತಾಣಗಳು ಹಿಂದೆಯೇ ನಿಂತಿರುತ್ತವೆ. ಕೈಬಿಟ್ಟ ಪ್ಲಗಿನ್‌ಗಳನ್ನು ತಿದ್ದುತ್ತ ಕೂರುವುದಕ್ಕಿಂತ ತೆಗೆದುಹಾಕುವುದೇ ಸುಲಭ. ನೋಡುಗರ ಸಂಖ್ಯೆ ತೋರಿಸುವ ಮೀಟರ್ ಹೋದರೆ ಸಮಿತಿಯವರು ಕೇಳಿಯಾರು, ಸಮಾಧಾನ ಹೇಳಬಹುದು.

ಒಂದು ವಾರ ದಿನಕ್ಕೊಮ್ಮೆ ಲಾಗ್ ಓದಿ. ಎರಡು ವಾರ ಶಾಂತವಾಗಿ ಕಳೆದ ಮೇಲೆ ಪ್ರಯೋಗದ ಸಬ್‌ಡೊಮೈನನ್ನು ಅಳಿಸಿ, ಸಾರ್ವಜನಿಕ ಫೋಲ್ಡರ್‌ನಲ್ಲಿ ಬಿಟ್ಟುಹೋದ ಡೇಟಾಬೇಸ್ ಡಂಪ್‌ಗಳನ್ನು ಹುಡುಕಿ ತೆಗೆಯಿರಿ, ಹೋಸ್ಟ್‌ನವರು ಹಳೆಯ ಆವೃತ್ತಿಯನ್ನೇ ಸರ್ವರ್‌ನಿಂದ ಕಿತ್ತುಹಾಕಲಿ. ಆಮೇಲೆ ಸಂಸ್ಥೆಯ ನಡಾವಳಿ ಪುಸ್ತಕದಲ್ಲಿ, ಡೊಮೈನ್ ನವೀಕರಣದ ದಿನ ಬರೆದಿರುವ ಪುಟದಲ್ಲೇ, ಇನ್ನೊಂದು ಸಾಲು ಸೇರಿಸಲು ಕಾರ್ಯದರ್ಶಿಯವರಿಗೆ ಹೇಳಿ: ಪಿಎಚ್‌ಪಿ 8.3, ಕೊನೆಯ ದಿನ 31 ಡಿಸೆಂಬರ್ 2027.